ಮರಗೆಲಸಕ್ಕೆ ನಾವೇ ಮಾಡಿಕೊಳ್ಳುವ ಜಿಗ್‌ಗಳು

(ಉಡುಪಿಯಲ್ಲಿ ವೃತ್ತಿನಿರತ ಬಡಗಿಗಳು, ಕೆಲಸ ಕಲಿಯುತ್ತಿರುವ ಕಿರಿಯರು ಹಾಗೂ ಹವ್ಯಾಸಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯ ಆಚಾರಿಗಳಿಗೂ, ಕಲಿಯುವ ಆಸಕ್ತಿಯಿಂದ ಬಂದಿರುವ ಕಿರಿಯರಿಗೂ ನನ್ನ ನಮಸ್ಕಾರಗಳು.

ಕರಾವಳಿಯಲ್ಲಿ ಹಂಚಿನ ಮಾಡು ಕಟ್ಟುವುದನ್ನು ಹತ್ತಿರದಿಂದ ನೋಡಿದವರಿಗೆ ಜಿಗ್ ಎಂದರೇನೆಂದು ಬೇರೆಯಾಗಿ ವಿವರಿಸಬೇಕಾಗಿಲ್ಲ. ಒಂದೇ ಕೆಲಸವನ್ನು ಪ್ರತಿ ಸಲವೂ ಒಂದೇ ರೀತಿ ಮಾಡಲು ನೆರವಾಗುವ ಸಾಧನವೇ ಅದು. ಪಕ್ಕಾಸಿನ (ಮಾಡಿನ ಇಳಿಜಾರು ತೊಲೆಯ) ಮೇಲೆ ರೀಪು (ಹಂಚು ಕೂರುವ ಅಡ್ಡಪಟ್ಟಿ) ಹೊಡೆಯುವ ಬಡಗಿಗಳು ಪ್ರತಿಯೊಂದು ಅಂತರವನ್ನೂ ಟೇಪು ಹಿಡಿದು ಅಳೆಯುತ್ತಾ ಕೂರುವುದಿಲ್ಲ. ಕೆಲಸಕ್ಕೆ ತಂದಿರುವ ಹಂಚುಗಳನ್ನೇ ನಾಲ್ಕಾರು ಜೋಡಿಸಿ ನೋಡಿ, ಎರಡು ರೀಪುಗಳ ನಡುವೆ ಎಷ್ಟು ಜಾಗ ಬೇಕೋ ಅಷ್ಟುದ್ದದ ಒಂದು ತುಂಡನ್ನು ಕತ್ತರಿಸಿಕೊಳ್ಳುತ್ತಾರೆ. ಆ ತುಂಡನ್ನು ನಡುವೆ ಇಟ್ಟು, ಮುಂದಿನ ರೀಪನ್ನು ಅದಕ್ಕೆ ತಾಗಿಸಿ ಮೊಳೆ ಹೊಡೆಯುತ್ತಾ ಮೇಲಕ್ಕೆ ಹೋಗುತ್ತಾರೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದು, ಒಂದೇ ಅಚ್ಚಿನಲ್ಲಿ ಒತ್ತಿದ ಹಂಚುಗಳು ಈ ಊರಿನ ಮನೆಗಳನ್ನು ಹೊದಿಸತೊಡಗಿದ ಮೇಲೆ, ಅವುಗಳ ಕೆಳಗಿನ ರೀಪುಗಳೂ ಒಂದೇ ಅಂತರದಲ್ಲಿ ಇರಲೇಬೇಕಾಯಿತು. ಆ ಸಣ್ಣ ತುಂಡು ಪೂರ್ಣಾರ್ಥದಲ್ಲಿ ಒಂದು ಜಿಗ್.

ಅದೇ ತುಂಡು ಜಿಗ್ಗಿನ ದೋಷವನ್ನೂ ತೋರಿಸಿಕೊಡುತ್ತದೆ. ತುಂಡು ಒಂದೇ ಒಂದು ಮಿಲಿಮೀಟರ್ ಉದ್ದವಾಗಿದ್ದರೆ, ಇಪ್ಪತ್ತು ರೀಪು ಹೊಡೆಯುವಷ್ಟರಲ್ಲಿ ವ್ಯತ್ಯಾಸ 20 ಮಿಲಿಮೀಟರ್ ಆಗಿರುತ್ತದೆ. ಟೇಪು ಹಿಡಿದು ಅಳೆದವನ ತಪ್ಪು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ತಮ್ಮತಮ್ಮಲ್ಲೇ ಸರಿದೂಗಬಹುದು. ಜಿಗ್ಗಿನ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ಕೂಡುತ್ತಾ ಹೋಗುತ್ತದೆ. ಅದಕ್ಕಾಗಿಯೇ ಅನುಭವಿಗಳು ಐದಾರು ಸಾಲಿಗೊಮ್ಮೆ ಕೆಳಗಿನ ಮೊದಲ ರೀಪಿನಿಂದಲೇ ಅಳೆದು ನೋಡುತ್ತಾರೆ, ಇಲ್ಲವೇ ಇಡೀ ಇಳಿಜಾರಿನ ಉದ್ದಕ್ಕೂ ಗುರುತು ಹಾಕಿದ ಒಂದೇ ನೀಳ ಪಟ್ಟಿಯನ್ನು ಇಟ್ಟುಕೊಳ್ಳುತ್ತಾರೆ. ನಾನು ಇಂದು ಒತ್ತಿ ಹೇಳಬೇಕೆಂದಿರುವುದು ಇದನ್ನೇ: ಜಿಗ್ ಮಾಡುವುದು ಅರ್ಧ ಕೆಲಸ, ಅದನ್ನು ಪರೀಕ್ಷಿಸುವುದು ಉಳಿದರ್ಧ. ನಮ್ಮಲ್ಲಿ ಎರಡನೆಯ ಅರ್ಧವನ್ನು ಬಿಟ್ಟುಬಿಡುವವರೇ ಹೆಚ್ಚು.

ಜಿಗ್‌ಗಳ ಕೆಲಸ ಎರಡು ಬಗೆಯದು. ಆಯುಧಕ್ಕೆ ದಾರಿ ತೋರಿಸುವುದು ಒಂದು, ಮರವನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು ಇನ್ನೊಂದು; ಒಳ್ಳೆಯ ಜಿಗ್ಗಿನಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಒಂದೇ ಒಂದು ಸ್ಟೂಲು ಮಾಡುವವರಿಗೆ ಇದು ಬೇಕೇ ಎಂದು ಕೇಳಬಹುದು. ಒಂದು ಸ್ಟೂಲಿಗೂ ನಾಲ್ಕು ಕಾಲುಗಳಿವೆ, ಎಂಟು ಕೂಡಿಕೆಗಳಿವೆ, ಆದ್ದರಿಂದ ಒಂದೇ ಕೆಲಸವನ್ನು ಎರಡನೆಯ ಬಾರಿ ಮಾಡಬೇಕಾದಾಗಲೆಲ್ಲ ಜಿಗ್ಗಿನ ಪ್ರಶ್ನೆ ಏಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೈ ಆಯುಧದಿಂದಲೇ ಆರಂಭಿಸೋಣ. ಹಲಗೆಯ ತುದಿಯನ್ನು ಗರಗಸದಿಂದ ಕತ್ತರಿಸಿದ ಮೇಲೆ, ಆ ತುದಿಯನ್ನು ಕೀಸುಳಿಯಿಂದ ನೇರವಾಗಿಯೂ ಮೂಲೆಮಟ್ಟಕ್ಕೆ ಸರಿಯಾಗಿಯೂ ಸವರುವುದು ಕಷ್ಟದ ಕೆಲಸ. ಅದಕ್ಕೆಂದೇ ಇರುವ ಹಲಗೆಯನ್ನು ಶೂಟಿಂಗ್ ಬೋರ್ಡ್ ಎನ್ನುತ್ತಾರೆ. 12 ಮಿಲಿಮೀಟರ್ ದಪ್ಪದ ಎರಡು ಪ್ಲೈ ತುಂಡುಗಳು ಸಾಕು. ಕೆಳಗಿನದು ಅಗಲ, ಮೇಲಿನದು ಕಿರಿದು; ಹಾಗೆ ಅಂಟಿಸಿದಾಗ ಬಲಬದಿಯಲ್ಲಿ ಒಂದು ಮೆಟ್ಟಿಲು ಉಂಟಾಗುತ್ತದೆ, ಕೀಸುಳಿ ಅಡ್ಡ ಮಲಗಿ ಆ ಮೆಟ್ಟಿಲಿನ ಮೇಲೆ ಓಡಾಡುತ್ತದೆ. ಮೇಲಿನ ತುಂಡಿನ ತುದಿಯಲ್ಲಿ ಮರವನ್ನು ಆನಿಸಿ ಹಿಡಿಯಲು ಒಂದು ಗಟ್ಟಿ ಪಟ್ಟಿ, ಕೆಳಗೆ ಮೇಜಿನ ಅಂಚಿಗೆ ಸಿಕ್ಕಿಸಲು ಇನ್ನೊಂದು ಪಟ್ಟಿ. ಇದರಲ್ಲಿ ನಿಖರವಾಗಿರಬೇಕಾದದ್ದು ಒಂದೇ ಮೂಲೆ: ಆನಿಕೆಯ ಪಟ್ಟಿಗೂ ಕೀಸುಳಿ ಓಡುವ ಅಂಚಿಗೂ ನಡುವಿನ ತೊಂಬತ್ತು ಡಿಗ್ರಿ.

ಆ ತೊಂಬತ್ತನ್ನು ನೋಡುವುದು ಮೂಲೆಮಟ್ಟದಿಂದ. ಆದರೆ ಮೂಲೆಮಟ್ಟವೇ ಸರಿಯಾಗಿದೆ ಎಂದು ಹೇಳಿದವರು ಯಾರು? ಅಂಗಡಿಯಿಂದ ತಂದ ಮಟ್ಟವನ್ನು ಮೊದಲು ಪರೀಕ್ಷಿಸಿ. ನೇರ ಅಂಚಿರುವ ಒಂದು ಪ್ಲೈ ತುಂಡಿಗೆ ಮಟ್ಟವನ್ನು ಆನಿಸಿ, ಹರಿತವಾದ ಚೂರಿಯಿಂದ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದೇ ಗೆರೆಯಾದರೆ ಮಟ್ಟ ಸರಿ. ಗೆರೆಗಳು ಬಾಯಿ ಬಿಟ್ಟುಕೊಂಡಿದ್ದರೆ, ಕಾಣುವ ಆ ಅಂತರ ಮಟ್ಟದ ತಪ್ಪಿನ ಎರಡರಷ್ಟು. ತಪ್ಪನ್ನು ಹಿಗ್ಗಿಸಿ ಕಣ್ಣಿಗೆ ಕಾಣುವಂತೆ ಮಾಡುವ ಈ ಉಪಾಯ ಮುಂದೆಯೂ ನಮಗೆ ಬೇಕಾಗುತ್ತದೆ.

ನಮ್ಮ ಊರಿನ ಬಹುಪಾಲು ಕೆಲಸದ ಜಾಗಗಳಲ್ಲಿ ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ಬ್ಲೇಡು ಮೇಲೆದ್ದಿರುವ ಗರಗಸ ಯಂತ್ರ, ಇರುವುದಿಲ್ಲ; ಮನೆ ಮನೆಗೆ ಹೋಗಿ ಕೆಲಸ ಮಾಡುವವರ ಕೈಯಲ್ಲಿ ಇರುವುದು ಮರ ಕತ್ತರಿಸುವ ಬ್ಲೇಡು ಹಾಕಿದ, ಮೂಲದಲ್ಲಿ ಕಲ್ಲು ಕತ್ತರಿಸುವ ಕಟರ್, ಇಲ್ಲವೇ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ. ಇವರಿಗೆ ಅತ್ಯಂತ ಉಪಯೋಗವಾಗುವ ಜಿಗ್ ಎಂದರೆ ನೇರ ಕತ್ತರಿಸುವ ಗೈಡ್ ಹಲಗೆ. 6 ಮಿಲಿಮೀಟರ್ ಪ್ಲೈಯ ಒಂದು ಅಗಲ ಪಟ್ಟಿಯ ಮೇಲೆ, ಕಾರ್ಖಾನೆಯಲ್ಲಿ ಕತ್ತರಿಸಿದ ನೇರ ಅಂಚಿರುವ 12 ಮಿಲಿಮೀಟರ್ ಪ್ಲೈಯ ಕಿರಿದಾದ ಪಟ್ಟಿಯನ್ನು ಅಂಟಿಸಿ ಸ್ಕ್ರೂ ಹಾಕಬೇಕು. ಅಂಟು ಒಣಗಿದ ಮೇಲೆ, ಯಂತ್ರದ ತಳದ ತಗಡನ್ನು ಆ ನೇರ ಅಂಚಿಗೆ ಒತ್ತಿ ಹಿಡಿದು ಒಮ್ಮೆ ಕತ್ತರಿಸಿದರೆ, ಕೆಳಗಿನ ಪಟ್ಟಿಯಲ್ಲಿ ಹೆಚ್ಚಾಗಿ ಉಳಿದಿದ್ದ ಭಾಗ ಕಳಚಿ ಬೀಳುತ್ತದೆ. ಈಗ ಉಳಿದ ಅಂಚೇ ಬ್ಲೇಡು ಹೋಗುವ ದಾರಿ. ಇನ್ನು ಮುಂದೆ ಗುರುತಿನ ಮೇಲೆ ಆ ಅಂಚನ್ನು ಇಟ್ಟು, ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ ಕತ್ತರಿಸಿದರಾಯಿತು. ತಗಡಿನಿಂದ ಬ್ಲೇಡಿಗೆ ಎಷ್ಟು ದೂರವೆಂದು ಲೆಕ್ಕ ಹಾಕುವ ಅಗತ್ಯವಿಲ್ಲ, ಆ ಅಂಚು ಸನ್ಮೈಕವನ್ನು ಒತ್ತಿ ಹಿಡಿಯುವುದರಿಂದ ಅದರ ಚಕ್ಕೆಯೂ ಅಷ್ಟಾಗಿ ಏಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಮುಖ್ಯ. ಈ ಹಲಗೆ ಆ ಒಂದು ಯಂತ್ರಕ್ಕೆ, ಆ ಒಂದು ದಪ್ಪದ ಬ್ಲೇಡಿಗೆ ಮಾತ್ರ ಸೇರಿದ್ದು. ಯಾವ ಯಂತ್ರ, ಯಾವ ಬ್ಲೇಡು, ಯಾವ ತಾರೀಕು ಎಂದು ಹಲಗೆಯ ಮೇಲೆಯೇ ಬರೆದಿಡಿ. ಹಾಗೆಯೇ ಕಲ್ಲು ಕತ್ತರಿಸುವ ಕಟರ್ ಬಹಳ ವೇಗವಾಗಿ ತಿರುಗುತ್ತದೆ. ಬ್ಲೇಡಿನ ಮೇಲೆ ಮುದ್ರಿಸಿರುವ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿದ್ದರೆ ಆ ಬ್ಲೇಡನ್ನು ಅದಕ್ಕೆ ಹಾಕಲೇಬಾರದು, ಮೇಲಿನ ರಕ್ಷಣೆಯ ತಗಡನ್ನು ಕಳಚಲೂಬಾರದು.

ಟೇಬಲ್ ಸಾ ಇರುವವರು ಮಾಡಲೇಬೇಕಾದ ಜಿಗ್ ಅಡ್ಡ ಕತ್ತರಿಸುವ ಸ್ಲೆಡ್, ಅಂದರೆ ಜಾರುಹಲಗೆ. ಮೇಜಿನಲ್ಲಿರುವ ಎರಡು ಗಾಡಿಗಳಲ್ಲಿ (ಉದ್ದನೆಯ ತೋಡುಗಳಲ್ಲಿ) ಓಡುವ ಎರಡು ಪಟ್ಟಿಗಳು, ಅವುಗಳ ಮೇಲೆ ಪ್ಲೈಯ ತಳ, ತಳದ ಮುಂದೆ ಹಿಂದೆ ಎರಡು ಗಟ್ಟಿ ಪಟ್ಟಿಗಳು. ನಮ್ಮ ಕಡೆಗಿರುವ ಪಟ್ಟಿಯೇ ಗೈಡ್. ಮರ ಅದಕ್ಕೆ ಆನಿಕೊಂಡು, ಸ್ಲೆಡ್ಡಿನ ಜೊತೆಗೇ ಬ್ಲೇಡಿನತ್ತ ಸಾಗುತ್ತದೆ. ಎದುರಿನ ಪಟ್ಟಿ ತಳವನ್ನು ಒಂದಾಗಿ ಹಿಡಿದಿಡಲು ಮಾತ್ರ ಇರುವುದು, ಅದು ಹೇಗಿದ್ದರೂ ನಡೆದೀತು. ಗೈಡ್ ಪಟ್ಟಿ ಮಾತ್ರ ಬ್ಲೇಡಿಗೆ ನಿಖರವಾಗಿ ಲಂಬವಾಗಿರಬೇಕು, ಮತ್ತು ಮೂಲೆಮಟ್ಟವನ್ನು ಬ್ಲೇಡಿಗೆ ಆನಿಸಿ ನೋಡುವುದರಿಂದ ಇದು ಸಾಧ್ಯವಾಗುವುದಿಲ್ಲ, ಏಕೆಂದರೆ ಬ್ಲೇಡು ಚಿಕ್ಕದು, ಅದರ ಹಲ್ಲುಗಳು ಮಟ್ಟಕ್ಕೆ ಅಡ್ಡ ಬರುತ್ತವೆ. ಇದಕ್ಕೆ ಐದು ಕಡಿತದ ಪರೀಕ್ಷೆ ಎಂಬ ಒಂದು ಸೊಗಸಾದ ಕ್ರಮವಿದೆ. ಇಂದಿನ ಉಪನ್ಯಾಸದಿಂದ ಒಂದೇ ಸಂಗತಿಯನ್ನು ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ ಎಂದು ಕೇಳಿಕೊಳ್ಳುತ್ತೇನೆ.

ಗೈಡ್ ಪಟ್ಟಿಯ ಬಲತುದಿಗೆ ಒಂದೇ ಸ್ಕ್ರೂ ಹಾಕಿ, ಪಟ್ಟಿ ಅದರ ಸುತ್ತ ತಿರುಗುವಂತೆ ಬಿಡಿ. ಎಡತುದಿಯನ್ನು ಅಂದಾಜಿನಲ್ಲಿ ಲಂಬವಾಗಿಟ್ಟು ಇನ್ನೊಂದು ಸ್ಕ್ರೂ ಹಾಕಿ, ಅಂಟು ಬೇಡ. ಸುಮಾರು 400 ಮಿಲಿಮೀಟರ್ ಚೌಕದ ಒಂದು ಪ್ಲೈ ತುಂಡನ್ನು ತೆಗೆದುಕೊಂಡು, ಬ್ಲೇಡಿನ ಎಡಕ್ಕೆ ಇಟ್ಟು, ಅದರ ಬಲಬದಿಯನ್ನು ತುಸು ಕತ್ತರಿಸಿ. ಹೊಸದಾಗಿ ಕತ್ತರಿಸಿದ ಬದಿ ಗೈಡ್ ಪಟ್ಟಿಗೆ ಆನುವಂತೆ ತುಂಡನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ, ಮುಂದಿನ ಬದಿಯನ್ನು ಕತ್ತರಿಸಿ. ಹೀಗೆ ನಾಲ್ಕೂ ಬದಿ ಮುಗಿದ ಮೇಲೆ ಇನ್ನೊಮ್ಮೆ ತಿರುಗಿಸಿ, ಮೊದಲು ಕತ್ತರಿಸಿದ ಬದಿಯನ್ನೇ ಐದನೆಯ ಬಾರಿ ಕತ್ತರಿಸಿ. ಈ ಬಾರಿ ಸುಮಾರು 25 ಮಿಲಿಮೀಟರ್ ಅಗಲದ ಪಟ್ಟಿ ಬೀಳಲಿ. ಪಟ್ಟಿಯ ಯಾವ ತುದಿ ಗೈಡಿನ ಕಡೆಗಿತ್ತು ಎಂಬುದನ್ನು ಕತ್ತರಿಸುವ ಮೊದಲೇ ಪೆನ್ಸಿಲಿನಿಂದ ಗುರುತು ಮಾಡಿಕೊಂಡಿರಬೇಕು. ನಾಲ್ಕು ಬಾರಿಯೂ ಅದೇ ಕೋನದ ತಪ್ಪು ಒಂದರ ಮೇಲೊಂದು ಕೂಡಿ ಬಂದಿರುವುದರಿಂದ, ಈ ಪಟ್ಟಿಯ ಎರಡು ತುದಿಗಳ ಅಗಲದಲ್ಲಿ ಆ ತಪ್ಪು ನಾಲ್ಕು ಪಟ್ಟು ಹಿಗ್ಗಿ ಕಾಣುತ್ತದೆ.

ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದಾಗ ಗೈಡಿನ ಕಡೆಯ ತುದಿ 25.8 ಮಿಲಿಮೀಟರ್, ಆಚೆಯ ತುದಿ 25.0 ಮಿಲಿಮೀಟರ್ ಬಂತೆಂದುಕೊಳ್ಳಿ. ವ್ಯತ್ಯಾಸ 0.8, ಅದನ್ನು ನಾಲ್ಕರಿಂದ ಭಾಗಿಸಿದರೆ 0.2. ಎಂದರೆ 400 ಮಿಲಿಮೀಟರ್ ಉದ್ದಕ್ಕೆ 0.2 ಮಿಲಿಮೀಟರ್ ತಪ್ಪಿದೆ. ಬಲತುದಿಯ ಸ್ಕ್ರೂವಿನಿಂದ ಎಡತುದಿಯ ಸ್ಕ್ರೂವಿಗೆ 500 ಮಿಲಿಮೀಟರ್ ದೂರವಿದ್ದರೆ, ಅಲ್ಲಿ ಆಗಬೇಕಾದ ತಿದ್ದುಪಡಿ 0.25 ಮಿಲಿಮೀಟರ್. ಗೈಡಿನ ಕಡೆಯ ತುದಿ ಅಗಲವಾಗಿದೆ ಎಂದರೆ ಗೈಡ್ ಪಟ್ಟಿಯ ಎಡತುದಿ ನಮ್ಮ ಕಡೆಗೆ ಸರಿದಿದೆ ಎಂದರ್ಥ, ಅದನ್ನು ಮುಂದಕ್ಕೆ ತಳ್ಳಬೇಕು. ಆಚೆಯ ತುದಿ ಅಗಲವಾಗಿದ್ದರೆ ಹಿಂದಕ್ಕೆ ಎಳೆಯಬೇಕು.

ಕಾಲು ಮಿಲಿಮೀಟರ್ ತಳ್ಳುವುದು ಕೈಯ ಅಂದಾಜಿಗೆ ನಿಲುಕುವ ಕೆಲಸವಲ್ಲ. ಬೈಕಿನ ಟ್ಯಾಪೆಟ್ ಹೊಂದಿಸಲು ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ತೆಳು ತಗಡುಗಳ ಕಟ್ಟು, ಆಟೊಮೊಬೈಲ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಅದರ 0.25ರ ತಗಡನ್ನು ಗೈಡ್ ಪಟ್ಟಿಯ ಮುಂಬದಿಗೆ, ಎಡತುದಿಯಲ್ಲಿ ಹಿಡಿದು, ಅದಕ್ಕೆ ತಾಗುವಂತೆ ಒಂದು ಮರದ ತುಂಡನ್ನು ತಳಕ್ಕೆ ಕ್ಲ್ಯಾಂಪ್ ಮಾಡಿ. ತಗಡನ್ನು ಎಳೆದು ತೆಗೆಯಿರಿ. ಎಡತುದಿಯ ಸ್ಕ್ರೂ ಬಿಚ್ಚಿ, ಪಟ್ಟಿಯನ್ನು ಆ ತುಂಡಿಗೆ ತಾಗುವಷ್ಟು ತಳ್ಳಿ, ಹೊಸ ತೂತಿನಲ್ಲಿ ಸ್ಕ್ರೂ ಬಿಗಿಯಿರಿ. ಹಳೆಯ ತೂತಿಗೇ ಹಾಕಿದರೆ ಸ್ಕ್ರೂ ಪಟ್ಟಿಯನ್ನು ಮತ್ತೆ ಹಳೆಯ ಜಾಗಕ್ಕೇ ಎಳೆದುಕೊಳ್ಳುತ್ತದೆ. ಬಳಿಕ ಐದು ಕಡಿತವನ್ನು ಪುನಃ ಮಾಡಿ ನೋಡಬೇಕು. ಪಟ್ಟಿಯ ಎರಡು ತುದಿಗಳ ವ್ಯತ್ಯಾಸ 0.1 ಮಿಲಿಮೀಟರಿಗೆ ಇಳಿಯಿತೆಂದರೆ ನಿಜವಾದ ತಪ್ಪು 400 ಮಿಲಿಮೀಟರಿಗೆ 0.025 ಮಾತ್ರ; ಮರಗೆಲಸಕ್ಕೆ ಅದಕ್ಕಿಂತ ಹೆಚ್ಚಿನದನ್ನು ಬೆನ್ನಟ್ಟಬೇಕಾಗಿಲ್ಲ.

ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಫೋಟೋ ಚೌಕಟ್ಟಿನ ಉದಾಹರಣೆ ಕೊಡಬಹುದು. ಚೌಕಟ್ಟಿಗೆ ಎಂಟು ಕಡಿತಗಳು, ಪ್ರತಿಯೊಂದೂ 45 ಡಿಗ್ರಿ. ಪ್ರತಿ ಕಡಿತದಲ್ಲೂ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲು ತಪ್ಪಿದರೂ, ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದಾಗ ನಾಲ್ಕನೆಯದರಲ್ಲಿ 0.8 ಡಿಗ್ರಿ ಬಿರುಕು ಬಿಡುತ್ತದೆ; 50 ಮಿಲಿಮೀಟರ್ ಅಗಲದ ಪಟ್ಟಿಯಾದರೆ ಅದು ಸುಮಾರು ಒಂದು ಮಿಲಿಮೀಟರ್ ಸಂದು. ಇದಕ್ಕೆ ಇನ್ನಷ್ಟು ಜಾಣ ಪರಿಹಾರವಿದೆ. ಸ್ಲೆಡ್ಡಿನ ಮೇಲೆ ಬ್ಲೇಡಿನ ಎಡಕ್ಕೊಂದು ಬಲಕ್ಕೊಂದು ಗೈಡ್ ಪಟ್ಟಿಗಳನ್ನು ಹಾಕಿ, ಅವೆರಡರ ನಡುವಿನ ಕೋನ ತೊಂಬತ್ತು ಇರುವಂತೆ ನೋಡಿಕೊಳ್ಳುವುದು. ಪ್ರತಿ ಮೂಲೆಯ ಒಂದು ತುದಿಯನ್ನು ಎಡಗೈಡಿನಲ್ಲಿ, ಇನ್ನೊಂದನ್ನು ಬಲಗೈಡಿನಲ್ಲಿ ಕತ್ತರಿಸುವುದು. ಆಗ ಒಂದು 45.2 ಆದರೆ ಇನ್ನೊಂದು 44.8 ಆಗುತ್ತದೆ, ಮೂಲೆ ಮಾತ್ರ ತೊಂಬತ್ತೇ ಉಳಿಯುತ್ತದೆ. ಜಿಗ್ಗಿನ ತಪ್ಪನ್ನು ಜಿಗ್ಗೇ ಸರಿದೂಗಿಸಿಕೊಳ್ಳುವಂತೆ ವಿನ್ಯಾಸ ಮಾಡುವುದು ಈ ವಿದ್ಯೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ.

ಇನ್ನು ನಮ್ಮ ಹವೆಯ ವಿಚಾರ. ಒಣಹವೆಯ ಊರುಗಳವರು ಬರೆದ ಸೂಚನೆಗಳನ್ನು ಉಡುಪಿ, ಮಂಗಳೂರಿನಲ್ಲಿ ಹಾಗೆಯೇ ಪಾಲಿಸಿದರೆ ಜೂನ್ ತಿಂಗಳಲ್ಲಿ ಜಿಗ್ ಕೈಕೊಡುತ್ತದೆ. ಗಾಳಿಯ ತೇವಾಂಶ ಶೇಕಡಾ 65ರಷ್ಟಿರುವಾಗ ಮರದೊಳಗಿನ ನೀರಿನ ಪಾಲು ಸುಮಾರು ಶೇಕಡಾ 12ಕ್ಕೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ತೇವಾಂಶ ಶೇಕಡಾ 90ರ ಆಸುಪಾಸಿನಲ್ಲೇ ವಾರಗಟ್ಟಲೆ ಉಳಿದರೆ ಅದು ಶೇಕಡಾ 20ರ ಹತ್ತಿರ ಹೋಗುತ್ತದೆ. ಸಾಗುವಾನಿ ಸ್ಥಿರವಾದ ಮರವೆಂದು ಹೆಸರು ಪಡೆದಿದೆ. ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ಉಂಗುರಗಳ ಗುಂಟ ಸುಮಾರು ಶೇಕಡಾ 5.8, ಉಂಗುರಗಳಿಗೆ ಅಡ್ಡವಾಗಿ ಸುಮಾರು ಶೇಕಡಾ 2.5 ಕುಗ್ಗುತ್ತದೆ, ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ. ಈ ಅಂಕಿಗಳನ್ನು ಸ್ಲೆಡ್ಡಿನ ಕೆಳಗಿನ ಪಟ್ಟಿಗೆ ಅನ್ವಯಿಸಿ ನೋಡಿ. ಮೇಜಿನ ಗಾಡಿ 19 ಮಿಲಿಮೀಟರ್ ಅಗಲವಿದ್ದು, ಮರದ ನೀರಿನ ಪಾಲು ಶೇಕಡಾ 12ರಿಂದ 18ಕ್ಕೆ ಏರಿದರೆ, ಅಗಲವು ಉಂಗುರಗಳ ಗುಂಟ ಬರುವಂತೆ ಸೀಳಿದ ಪಟ್ಟಿ 0.22 ಮಿಲಿಮೀಟರ್ ಉಬ್ಬುತ್ತದೆ, ಅಗಲವು ಉಂಗುರಗಳಿಗೆ ಅಡ್ಡವಾಗಿ ಬರುವಂತೆ ಸೀಳಿದ್ದು 0.1 ಮಿಲಿಮೀಟರ್ ಮಾತ್ರ. ಮೊದಲನೆಯದು ಗಾಡಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಎರಡನೆಯದು ಸ್ವಲ್ಪ ಮೇಣ ಹಚ್ಚಿದರೆ ಓಡುತ್ತದೆ. ಆದ್ದರಿಂದ ಪಟ್ಟಿಯ ತುದಿಯನ್ನು ನೋಡಿದಾಗ ಉಂಗುರಗಳ ಗೆರೆ ಮೇಲಿನಿಂದ ಕೆಳಕ್ಕೆ ನೆಟ್ಟಗೆ ನಿಂತಿರುವ ತುಂಡನ್ನೇ ಆರಿಸಿಕೊಳ್ಳಬೇಕು. ಅಲ್ಯೂಮಿನಿಯಂ ಪಟ್ಟಿ ಅಥವಾ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಬಳಸುವ ದಪ್ಪ ಪ್ಲಾಸ್ಟಿಕ್ ಹಲಗೆಯಿಂದ ಕೊಯ್ದ ಪಟ್ಟಿ ಇನ್ನೂ ಉತ್ತಮ, ಅವು ನೀರು ಹೀರುವುದಿಲ್ಲ.

ತಳಕ್ಕೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೇಡ. ಅದು ಸಮತಟ್ಟಾಗಿರುವುದೇನೋ ನಿಜ, ಆದರೆ ನಮ್ಮ ಮಳೆಗಾಲದಲ್ಲಿ ಅದರ ಅಂಚುಗಳು ಊದಿಕೊಳ್ಳುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ. ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ ಮರೀನ್ ಪ್ಲೈ ದುಬಾರಿಯಾದರೂ ಜಿಗ್ಗಿಗೆ ಬೇಕಾಗುವುದು ಸಣ್ಣ ತುಂಡುಗಳೇ. ಅಡುಗೆಮನೆಯ ಕಪಾಟು ಮಾಡಿದ ಮೇಲೆ ಉಳಿದ ಚೂರುಗಳನ್ನು ಎಸೆಯದೆ ಇಟ್ಟುಕೊಂಡರೆ ಸಾಕು. ಐಎಸ್ 303ರಲ್ಲಿ ಬರುವ ಅಗ್ಗದ ಎಂಆರ್ ದರ್ಜೆಯ ಪ್ಲೈ ತೇವಕ್ಕೆ ಅಷ್ಟು ತಡೆಯುವುದಿಲ್ಲ. ಪ್ಲೈಗೆ ಒಂದೇ ಮೈಗೆ ಸನ್ಮೈಕ ಅಂಟಿಸಬೇಡಿ, ಬಾಗುತ್ತದೆ. ಅಂಟಿಸುವುದಾದರೆ ಎರಡೂ ಮೈಗೆ ಅಂಟಿಸಿ. ಅಂಚುಗಳಿಗೆ ಎರಡು ಕೈ ಪಾಲಿಶ್ ಅಥವಾ ವಾರ್ನಿಶ್ ಬಳಿಯಿರಿ. ಸಾಗುವಾನಿಯನ್ನು ಅಂಟಿಸುವಾಗ ಅದರ ಮೈಯಲ್ಲಿರುವ ಎಣ್ಣೆಯ ಅಂಶವನ್ನು ಥಿನ್ನರ್‌ನಿಂದ ಒರೆಸಿಕೊಂಡು ಕೂಡಲೇ ಅಂಟು ಹಾಕಬೇಕು. ಮಳೆಗಾಲದಲ್ಲಿ ಜಿಗ್‌ಗಳನ್ನು ಕೆಂಪುಕಲ್ಲಿನ ಗೋಡೆಗೆ ಒರಗಿಸಿಡುವುದು ಬಹಳ ಕೆಟ್ಟ ಅಭ್ಯಾಸ, ಏಕೆಂದರೆ ಗೋಡೆಯ ಕಡೆಯ ಮೈ ಮಾತ್ರ ತೇವ ಹೀರಿ ಹಲಗೆ ದೋಣಿಯಾಗುತ್ತದೆ. ಎರಡೂ ಬದಿಗೆ ಗಾಳಿಯಾಡುವಂತೆ ತೂಗುಹಾಕಬೇಕು. ಮತ್ತು ಮಳೆ ಹಿಡಿದ ಮೇಲೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಐದು ಕಡಿತದ ಪರೀಕ್ಷೆಯನ್ನು ಪುನಃ ಮಾಡಿ, ಬಂದ ಅಂಕಿಯನ್ನು ಸ್ಲೆಡ್ಡಿನ ಮೇಲೆಯೇ ತಾರೀಕಿನೊಂದಿಗೆ ಬರೆದಿಡಿ.

ಧೂಳಿನ ಬಗ್ಗೆ ಒಂದು ಮಾತು. ಎಷ್ಟು ನಿಖರವಾಗಿ ಮಾಡಿದ ಗೈಡ್ ಆದರೂ, ಮರಕ್ಕೂ ಅದಕ್ಕೂ ನಡುವೆ ಒಂದು ಚಿಟಿಕೆ ಹೊಟ್ಟು ಸಿಕ್ಕಿಕೊಂಡರೆ ವ್ಯರ್ಥ. ಗೈಡಿನ ಕೆಳಅಂಚನ್ನೂ, ಉದ್ದ ನಿಗದಿಪಡಿಸುವ ತಡೆಯ ತುಂಡಿನ ಕೆಳಮೂಲೆಯನ್ನೂ ಓರೆಯಾಗಿ ಸವರಿಬಿಟ್ಟರೆ ಹೊಟ್ಟು ಆ ಸಂದಿಗೆ ಸರಿದು ಹೋಗುತ್ತದೆ.

ಸುರಕ್ಷತೆಯ ದೃಷ್ಟಿಯಿಂದಲೂ ಜಿಗ್ ಬೇಕು. ಸ್ಲೆಡ್ಡಿನಲ್ಲಿ ಬ್ಲೇಡು ಗೈಡನ್ನು ದಾಟಿ ಹೊರಬರುವ ಜಾಗದಲ್ಲಿ, ನಮ್ಮ ಕಡೆಗೆ, ದಪ್ಪನೆಯ ಒಂದು ಮರದ ತುಂಡನ್ನು ಅಂಟಿಸಲೇಬೇಕು. ಹೆಬ್ಬೆರಳು ಸಹಜವಾಗಿ ಹೋಗಿ ಕೂರುವುದು ಅಲ್ಲಿಯೇ. ಆ ತುಂಡಿಗೆ ಕೆಂಪು ಬಣ್ಣ ಬಳಿಯಿರಿ. ಬ್ಲೇಡಿಗೆ ಸಮಾನಾಂತರವಾಗಿ ಮೇಜಿನ ಮೇಲೆ ನಿಲ್ಲುವ ಉದ್ದ ಗೈಡನ್ನೇ ತಡೆಯಾಗಿ ಬಳಸಿ ಚಿಕ್ಕ ತುಂಡುಗಳನ್ನು ಅಡ್ಡ ಕತ್ತರಿಸುವುದು ಅಪಾಯಕರ. ಕತ್ತರಿಸಿದ ತುಂಡು ಬ್ಲೇಡಿಗೂ ಗೈಡಿಗೂ ನಡುವೆ ಸಿಕ್ಕಿ, ಬ್ಲೇಡಿನ ಹಿಂಭಾಗದ ಹಲ್ಲುಗಳು ಅದನ್ನು ಎತ್ತಿ ನಮ್ಮ ಮೇಲೆಯೇ ಎಸೆಯುತ್ತವೆ. ಬ್ಲೇಡಿಗಿಂತ ಸಾಕಷ್ಟು ಹಿಂದೆ, ನಮ್ಮ ಕಡೆಗೆ, ಗೈಡಿಗೆ ಒಂದು ತುಂಡನ್ನು ಕ್ಲ್ಯಾಂಪ್ ಮಾಡಿ ಅದಕ್ಕೆ ತಾಗಿಸಿ ಅಳತೆ ಹಿಡಿದರೆ, ಕತ್ತರಿಸುವ ಹೊತ್ತಿಗೆ ಮರ ಗೈಡಿನಿಂದ ದೂರವಿದ್ದು ಸಿಕ್ಕಿಕೊಳ್ಳಲು ಅವಕಾಶವೇ ಇರುವುದಿಲ್ಲ. ತಳ್ಳುಕೋಲನ್ನು ಯಂತ್ರದ ಪಕ್ಕದಲ್ಲೇ ಮೊಳೆಗೆ ನೇತುಹಾಕಿ. ಹುಡುಕಬೇಕಾದ ತಳ್ಳುಕೋಲನ್ನು ಯಾರೂ ಬಳಸುವುದಿಲ್ಲ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಯಂತ್ರಗಳೇ ಇಲ್ಲದವರು ಮೊದಲು ಯಾವ ಜಿಗ್ ಮಾಡಬೇಕು ಎಂದು ಕಲಿಯುತ್ತಿರುವ ತಂಗಿಯೊಬ್ಬಳು ಕೇಳಿದಳು. ಮೇಜಿನ ಅಂಚಿಗೆ ಸಿಕ್ಕಿಸಿ, ಗರಗಸದಿಂದ ಕೊಯ್ಯುವಾಗ ಮರವನ್ನು ಆನಿಸಿ ಹಿಡಿಯುವ ಪುಟ್ಟ ಹಲಗೆಯನ್ನು ಮೊದಲು ಮಾಡಬೇಕು; ಒಂದು ಹಲಗೆ, ಮೇಲೊಂದು ಕೆಳಗೊಂದು ಪಟ್ಟಿ, ಅಷ್ಟೇ. ಅದನ್ನು ಮಾಡಿದ ಮೇಲೆ ಮೊದಲು ವಿವರಿಸಿದ ಶೂಟಿಂಗ್ ಬೋರ್ಡ್. ಇವೆರಡಿದ್ದರೆ ಕೈಗರಗಸ, ಕೀಸುಳಿಗಳಿಂದಲೇ ಪೆಟ್ಟಿಗೆಯ ನಾಲ್ಕು ಬದಿಗಳನ್ನು ಕೂದಲೆಳೆಯ ಸಂದೂ ಇಲ್ಲದಂತೆ ಕೂಡಿಸಬಹುದು.

ಇನ್ನೊಬ್ಬ ಹಿರಿಯರು, ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ಜಿಗ್‌ಗಳು ಸಿಗುವಾಗ ಮರದಲ್ಲಿ ಏಕೆ ಮಾಡಬೇಕು ಎಂದರು. ತೂತು ಕೊರೆಯುವ ಜಿಗ್ ಕೊಳ್ಳುವುದೇ ಮೇಲು. ಅದರ ಒಳಗೆ ಗಟ್ಟಿ ಉಕ್ಕಿನ ಬುಶ್ (ಪುಟ್ಟ ಕೊಳವೆ) ಇರುತ್ತದೆ, ಮರದಲ್ಲಿ ಮಾಡಿದ ತೂತು ಕೆಲವೇ ಬಳಕೆಗೆ ಸವೆದು ಅಗಲವಾಗುತ್ತದೆ. ಆದರೆ ನಮ್ಮ ಯಂತ್ರದ ಮೇಜಿಗೆ, ನಮ್ಮ ಕೆಲಸದ ಅಳತೆಗೆ ಹೊಂದುವ ಸ್ಲೆಡ್, ಮೊನಚಾಗುತ್ತಾ ಹೋಗುವ ಕಾಲು ಕೊಯ್ಯುವ ಹಲಗೆ, ಬಾಗಿಲ ಕಮಾನಿನ ಫರ್ಮಾ (ಮಾದರಿ ಹಲಗೆ) ಇವನ್ನು ಯಾವ ಅಂಗಡಿಯವರೂ ನಮಗಾಗಿ ಮಾಡಿಟ್ಟಿರುವುದಿಲ್ಲ. ಸವೆದು ಕೆಲಸಕ್ಕೆ ಬಾರದ ಜಿಗ್ಗನ್ನು ಏನು ಮಾಡುವುದು ಎಂದೂ ಅವರೇ ಮುಂದುವರಿದು ಕೇಳಿದರು. ಮೂಲೆಯಲ್ಲಿ ಎತ್ತಿಡಬಾರದು, ಮರುದಿನ ಕೆಲಸಕ್ಕೆ ಬಂದ ಇನ್ನೊಬ್ಬರು ಅದನ್ನೇ ನಂಬಿ ಮರ ಕತ್ತರಿಸುತ್ತಾರೆ. ಅದರ ಸ್ಕ್ರೂಗಳನ್ನು ಬಿಚ್ಚಿಕೊಂಡು, ಗೈಡ್ ಪಟ್ಟಿಯನ್ನು ಅಂದೇ ಎರಡು ತುಂಡು ಮಾಡಿಬಿಡಬೇಕು ಎಂದು ಅವರಿಗೆ ಉತ್ತರಿಸಿದೆ.